ಏಳನೇ ಕ್ಲಾಸಿಗೆ ಪದಬಂಧ: ಪದ ಉಳಿಯುತ್ತಾ, ಬರೀ ಪೀರಿಯಡ್ ಕಳೆಯುತ್ತಾ?

ಬೇಲೂರ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬೇಲೂರು ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟರವರೆಗೆ ಕನ್ನಡ ತಗೋತೀನಿ. ಪಾಠದ ಕೊನೆಗೆ ‘ಪದಗಳ ಅರ್ಥ’ ಅಂತ ಒಂದು ಪಟ್ಟಿ ಇರುತ್ತಲ್ಲ, ಅದು ನಮ್ಮ ಮಕ್ಕಳ ಕೈಲಿ ಏನಾಗುತ್ತೆ ಅಂತ ಇಲ್ಲಿರೋ ಮೇಷ್ಟ್ರುಗಳಿಗೆಲ್ಲ ಗೊತ್ತು. ನೋಟ್ಸಿಗೆ ಇಳಿಯುತ್ತೆ, ಬಾಯಿಪಾಠ ಆಗುತ್ತೆ, ಪರೀಕ್ಷೆಯಲ್ಲಿ ಒಂದು ಅಂಕ ತರುತ್ತೆ, ಅಲ್ಲಿಗೆ ಅದರ ಕಥೆ ಮುಗೀತು. ‘ಅಕ್ಕರೆ ಅಂದ್ರೇನೋ’ ಅಂದ್ರೆ ‘ಪ್ರೀತಿ ಸಾ’ ಅಂತ ಥಟ್ಟನೆ ಬರುತ್ತೆ. ಸ್ವಂತ ವಾಕ್ಯದಲ್ಲಿ ಬಳಸು ಅಂದ್ರೆ ‘ನನಗೆ ಅಕ್ಕರೆ ಬೇಕು’ ಅಂತ, ಅಂಗಡಿಯಲ್ಲಿ ಸಕ್ಕರೆ ಕೇಳಿದ ಹಾಗೆ ಬರೀತಾರೆ.

ಈ ವರ್ಷ ಪದದಾಟಗಳನ್ನ ಗಟ್ಟಿಯಾಗಿ ಹಿಡಿದಿದೀನಿ. ನನ್ನ ವಾದ ಇಷ್ಟು, ಒಪ್ಪದವರು ಧಾರಾಳವಾಗಿ ಬಯ್ಯಬಹುದು. ಪದ ಹುಡುಕಾಟ ಅಂತ ಬರುತ್ತಲ್ಲ, ಅಕ್ಷರಗಳ ರಾಶಿಯಲ್ಲಿ ಅಡಗಿರೋ ಪದಕ್ಕೆ ಸುತ್ತು ಹಾಕೋದು, ಅದು ಕಣ್ಣಿಗೆ ಕೆಲಸ, ತಲೆಗಲ್ಲ. ‘ವಾತ್ಸಲ್ಯ’ದ ಅರ್ಥ ಒಂಚೂರೂ ತಿಳೀದೆ ಅದಕ್ಕೆ ಸುತ್ತು ಹಾಕಬಹುದು. ಪದಬಂಧದಲ್ಲಿ ಅದು ನಡೆಯಲ್ಲ. ಸುಳಿವು ಓದಬೇಕು, ಅರ್ಥ ಹಿಡಿದುಕೊಂಡು ಪದಕ್ಕೆ ಹೋಗಬೇಕು, ಅಕ್ಷರ ಎಣಿಸಬೇಕು, ಅಡ್ಡ ಬಂದ ಪದಕ್ಕೆ ಹೊಂದುತ್ತಾ ಅಂತ ನೋಡಬೇಕು. ಇದಕ್ಕಿಂತಲೂ ಮೇಲೆ ಇನ್ನೊಂದಿದೆ, ಮಕ್ಕಳೇ ಸುಳಿವು ಬರೆಯೋದು. ಅದನ್ನ ಆಮೇಲೆ ಹೇಳ್ತೀನಿ. ಮೊದಲು ನಿಮ್ಮ ನಿಮ್ಮ ಕ್ಲಾಸಲ್ಲಿ ಏನು ನಡೀತಿದೆ ಹೇಳಿ.

ಚನ್ನರಾಯಪಟ್ಟಣ ನಿವೃತ್ತ ಎಚ್ಚೆಂ

ಮೇಷ್ಟ್ರೇ, ಒಳ್ಳೆ ವಿಷಯ ತೆಗೆದ್ರಿ. ಬೆಳಿಗ್ಗೆ ಪೇಪರ್ ಬಂದ ತಕ್ಷಣ ಮೊದಲು ಪದಬಂಧದ ಪುಟ ತೆಗೆಯೋ ಜಾತಿ ನಾನು. ಮನೆಯವರು ಮೊದಲು ಮರಣವಾರ್ತೆ ನೋಡ್ತಾರೆ, ನಾನು ಇದು.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಅನ್ನೋರು ಮೊದಲನೆಯದನ್ನ ಹಾಕಿದ್ರು. ಅದು ಈಗಿನ ಹಾಗೆ ಚೌಕ ಅಲ್ಲ, ವಜ್ರದ ಆಕಾರ, ನಡುವೆ ಖಾಲಿ. ಕನ್ನಡಕ್ಕೆ ಬಂದ ಮೇಲೆ ಇದು ನಮ್ಮದೇ ಆಗೋಯ್ತು. ಅ.ನಾ. ಪ್ರಹ್ಲಾದರಾಯರು ಕೋಲಾರ ಜಿಲ್ಲೆಯವರು, ಒಬ್ಬರೇ ಸಾವಿರಾರು ಪದಬಂಧ ಕಟ್ಟಿದಾರೆ. ನಮ್ಮ ಕೆಲವು ಪದಬಂಧಗಳಲ್ಲಿ ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಕೂಡ ಪದ ಹೋಗುತ್ತೆ. ‘ತಲೆಕೆಳಗಾದ’, ‘ಹಿಂದುಮುಂದಾದ’ ಅಂತ ಸುಳಿವು ಬೇರೆ. ಅದನ್ನ ಮಾತ್ರ ಮಕ್ಕಳಿಗೆ ಕೊಡಬೇಡಿ. ದೊಡ್ಡವರ ಪದಬಂಧ ಮನೆ ತುಂಬಿಸೋಕೆ ಏನೇನೋ ಸರ್ಕಸ್ ಮಾಡುತ್ತೆ. ಏಳನೇ ಕ್ಲಾಸಿನ ಹುಡುಗನಿಗೆ ಬೇಕಾಗಿರೋದು ಪದ, ಸರ್ಕಸ್ ಅಲ್ಲ.

ಸಕಲೇಶಪುರದ ಅಪ್ಪ

ಮೇಷ್ಟ್ರುಗಳು ಬೇಜಾರ್ ಮಾಡ್ಕೋಬೇಡಿ. ನನ್ನ ಮಗ ಏಳನೇ ಕ್ಲಾಸು. ವಾರಕ್ಕೊಂದು ಹಾಳೆ ತರ್ತಾನೆ, ಪದ ಹುಡುಕು, ಬಣ್ಣ ಹಚ್ಚು. ಇಂಟರ್ನೆಟ್ಟಿಂದ ಪ್ರಿಂಟ್ ತೆಗೆದಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಹಿಂದಿನ ಪಾಠದ್ದು ನೋಟ್ಸೇ ಇಲ್ಲ. ಆಟ ಆಡಿಸಿ, ಬೇಡ ಅನ್ನಲ್ಲ. ಆದ್ರೆ ಸಿಲಬಸ್ ಬಿಟ್ಟು ಆಟನಾ? ಇದರಿಂದ ಪದ ಬರುತ್ತೆ ಅಂತ ಯಾರು ಹೇಳಿದ್ದು?

ಬೇಲೂರ್ ಮೇಷ್ಟ್ರು

ಅಣ್ಣ, ಆ ಬಣ್ಣ ಹಚ್ಚೋ ಹಾಳೆ ಬಗ್ಗೆ ನನ್ನ ಸಿಟ್ಟೂ ಅದೇ. ಮೊದಲೇ ಹೇಳಿದ್ನಲ್ಲ.

ಆದರೆ ‘ಯಾರು ಹೇಳಿದ್ದು’ ಅನ್ನೋದಕ್ಕೆ ಉತ್ತರ ಇದೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು. ಒಂದು ಭಾಗವನ್ನ ಕೆಲವರು ಮತ್ತೆ ಮತ್ತೆ ಓದಿದ್ರು. ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಿಂದ ಬರೆದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದೋರೇ ಮುಂದು. ಒಂದು ವಾರ ಬಿಟ್ಟು ಮಾಡಿದಾಗ ನೆನಪಿಂದ ತೆಗೆದೋರು ಮುಂದು. ಅವರು ಕಾಲೇಜು ಹುಡುಗರು, ನಮ್ಮ ಮಕ್ಕಳಲ್ಲ, ಅದು ಬೇರೆ ಮಾತು. ಆದರೆ ನೋಟ್ಸ್ ಇಳಿಸೋದು, ಬಾಯಿಪಾಠ ಮಾಡೋದು ಯಾಕೆ ಪರೀಕ್ಷೆಯ ಮಾರನೇ ದಿನ ಆವಿಯಾಗುತ್ತೆ ಅನ್ನೋದಕ್ಕೆ ಇದು ಸರಿಯಾಗಿ ಹೊಂದುತ್ತೆ. ಪದಬಂಧದ ಖಾಲಿ ಮನೆ ಅಂದ್ರೆ ಪುಸ್ತಕ ಮುಚ್ಚಿ ನೆನಪಿಂದ ತೆಗೆಯೋ ಕೆಲಸವೇ. ಹಾಗಂತ ಪಾಠ ಮಾಡದೆ ಹಾಳೆ ಹಂಚಿದ್ರೆ ಉಪಯೋಗ ಇಲ್ಲ. ಒಳಗೆ ಹೋಗದೇ ಇರೋದನ್ನ ಹೊರಗೆ ತೆಗೆಯೋದು ಹೇಗೆ?

ಮೂಡಿಗೆರೆ ತೋಟದ ಮನೆ

ನಾನು ಟೀಚರ್ ಅಲ್ಲ, ಇಬ್ಬರು ಮಕ್ಕಳ ತಾಯಿ. ಪದಬಂಧಕ್ಕೆ ಮುಂಚೆ ನಮ್ಮಲ್ಲಿ ಒಗಟು ಇತ್ತಲ್ಲ ಮಾರಾಯ್ರೆ, ಅದನ್ನ ಯಾರೂ ಯಾಕೆ ಹೇಳ್ತಿಲ್ಲ? ಸುಳಿವು ಕೊಟ್ಟು ಪದ ತೆಗೆಸೋದು ನಮ್ಮ ಅಜ್ಜಿಯಂದಿರು ಮಾಡಿದ್ದೇ ತಾನೆ. ಮಳೆಗಾಲದಲ್ಲಿ ಕರೆಂಟು ಹೋದ್ರೆ ನಮ್ಮನೆ ಮಕ್ಕಳಿಗೆ ಈಗಲೂ ಅದೇ ಆಟ.

ಒಂದು ತಮಾಷೆ ಹೇಳ್ತೀನಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?’ ಎಲ್ಲರಿಗೂ ಗೊತ್ತಿರೋದೇ, ಉತ್ತರ ಮಲ್ಲಿಗೆ. ನನ್ನ ಮಗಳು ‘ಕಾಫಿ ಹೂವು’ ಅಂದ್ಲು. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಬಿದ್ದು ಒಂದು ವಾರಕ್ಕೆ ತೋಟ ನೋಡಿದೋರು ಬೇರೆ ಏನು ಹೇಳೋಕೆ ಸಾಧ್ಯ? ಸ್ಕೂಲಲ್ಲಿ ಅದಕ್ಕೆ ತಪ್ಪು ಹಾಕಿದ್ರು.

ಇನ್ನೊಂದು. ನಮ್ಮ ಮಕ್ಕಳಿಗೆ ಪದ ಇಲ್ಲ, ಪದ ಇಲ್ಲ ಅಂತೀರಿ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಗಿಡಗಸಿ (ಕಾಫಿ ಗಿಡ ಸವರೋದು), ಚಿಗುರು ತೆಗೆಯೋದು, ಕಣ (ಕಾಫಿ ಒಣಗಿಸೋ ಅಂಗಳ), ಹೂಮಳೆ, ಪಲ್ಪರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ), ಇದೆಲ್ಲ ಐದನೇ ಕ್ಲಾಸಿನ ಹುಡುಗನ ಬಾಯಲ್ಲೂ ಇದೆ. ಅದು ಯಾವ ಪದಬಂಧದಲ್ಲೂ ಬರಲ್ಲ. ಬಂದ್ರೆ ಆ ಹುಡುಗ ಮೊದಲ ಸಾಲಿಗೆ ಬಂದು ಕೂರ್ತಾನೆ.

ಬೇಲೂರ್ ಮೇಷ್ಟ್ರು

ಅಕ್ಕಾ, ‘ಕಾಫಿ ಹೂವು’ ಸರಿ ಉತ್ತರ. ನಾನಾಗಿದ್ರೆ ಇಡೀ ಕ್ಲಾಸಿಗೆ ಓದಿ ಹೇಳ್ತಿದ್ದೆ. ಒಗಟಿಗೂ ಪದಬಂಧಕ್ಕೂ ಇರೋ ವ್ಯತ್ಯಾಸ ಅಲ್ಲೇ ಕಾಣುತ್ತೆ ನೋಡಿ. ಒಗಟಿಗೆ ಎರಡು ಉತ್ತರ ನಡೆಯುತ್ತೆ. ಪದಬಂಧದಲ್ಲಿ ಮನೆಗಳೇ ತೀರ್ಮಾನ ಮಾಡ್ತವೆ, ಮಲ್ಲಿಗೆ ಅಂದ್ರೆ ಮೂರು, ಕಾಫಿ ಹೂವು ಅಂದ್ರೆ ನಾಲ್ಕು. ಮೇಷ್ಟ್ರು ತಪ್ಪು ಹಾಕೋ ಪ್ರಸಂಗವೇ ಬರಲ್ಲ, ಹುಡುಗಿಗೆ ತಾನೇ ಗೊತ್ತಾಗುತ್ತೆ.

ಹಾಸನದ ಫಾಂಟ್ ಹುಚ್ಚ

ಅಕ್ಷರ ಎಣಿಸೋ ಮಾತು ಬಂತಲ್ಲ, ಇಲ್ಲಿ ನನ್ನದೊಂದು ಗೋಳಿದೆ. ಇಂಗ್ಲಿಷಿಗೆ ಮಾಡಿದ ಪದಬಂಧದ ತಾಣಗಳಿಗೆ ಕನ್ನಡ ಪದ ತುಂಬಿಸಿ ಹಾಳೆ ತೆಗೆಯೋರು ಸುಮಾರು ಜನ ಇದಾರೆ. ದಯವಿಟ್ಟು ಒಮ್ಮೆ ಪ್ರಿಂಟ್ ನೋಡಿ ಆಮೇಲೆ ಹಂಚಿ. ‘ಅಕ್ಕರೆ’ಗೆ ನಮ್ಮ ಲೆಕ್ಕದಲ್ಲಿ ಮೂರು ಮನೆ: ಅ, ಕ್ಕ, ರೆ. ಕಂಪ್ಯೂಟರ್ ಅಕ್ಷರ ಉಳಿಸಿಡೋ ಕ್ರಮವಾದ ಯೂನಿಕೋಡಿನಲ್ಲಿ ಅದು ಆರು ತುಂಡು: ಅ, ಕ, ವಿರಾಮದ ಗುರುತು (ಒತ್ತಕ್ಷರ ಮಾಡಿಸೋದು), ಕ, ರ, ಎತ್ವ. ಆ ತಾಣಕ್ಕೆ ತುಂಡು ಗೊತ್ತು, ಅಕ್ಷರ ಗೊತ್ತಿಲ್ಲ. ಹಾಗಾಗಿ ಆರು ಮನೆ ಹಾಕಿ, ಒಂದರಲ್ಲಿ ಬರೀ ಎತ್ವ ನೇತುಹಾಕುತ್ತೆ. ಮಗು ನೋಡಿ ಏನಂತ ಓದಬೇಕು? ನೇರವಾಗಿ ವರ್ಡ್‌ನಲ್ಲೋ ಲಿಬ್ರೆ ಆಫೀಸಿನಲ್ಲೋ ಟೇಬಲ್ ಹಾಕಿ, ಒಂದು ಮನೆಗೆ ಒಂದು ಅಕ್ಷರ ಕೈಯಾರೆ ಟೈಪ್ ಮಾಡಿ. ಹಳೇ ನುಡಿ ಫಾಂಟಿನಲ್ಲಿ ಬೇಡ, ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ ಚೆಲ್ಲಾಡಿದ ಹಾಗೆ ಕಾಣುತ್ತೆ. ಯೂನಿಕೋಡಿನಲ್ಲೇ ಹೊಡೀರಿ.

ಅನುಸ್ವಾರಕ್ಕೆ ಬೇರೆ ಮನೆ ಕೊಡ್ತೀರಾ? ನಾನು ‘ಸಂ’ ಪೂರ್ತಿ ಒಂದೇ ಮನೆಗೆ ಹಾಕ್ತೀನಿ.

ಚನ್ನರಾಯಪಟ್ಟಣ ನಿವೃತ್ತ ಎಚ್ಚೆಂ

ಬೇರೆ ಮನೆ ಕೊಡೋ ಪದ್ಧತಿಯೇ ಇಲ್ಲ. ‘ಸಂಕಟ’ ಮೂರೇ.

ಕನ್ನಡದಲ್ಲಿ ಕಟ್ಟೋದು ಯಾಕೆ ಕಷ್ಟ ಅಂದ್ರೆ, ಅಡ್ಡ ಬರೋ ಪದಕ್ಕೆ ಬರೀ ‘ಕ’ ಹೊಂದಿದ್ರೆ ಸಾಲದು, ‘ಕಿ’ಗೆ ‘ಕಿ’ಯೇ ಬೇಕು. ಇಂಗ್ಲಿಷಿನವರಿಗೆ ಇಪ್ಪತ್ತಾರರಲ್ಲಿ ಕೆಲಸ ಮುಗಿಯುತ್ತೆ, ನಮಗೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು. ಅದಕ್ಕೇ ಹೊಸಬರಿಗೆ ನಾನು ಹೇಳೋದು, ಪದದ ಕೊನೆ ನೋಡಿ ಜೋಡಿಸಿ. ಕಾಡು, ಹಾಡು, ಬೀಡು, ನಾಡು, ಗೂಡು ಎಲ್ಲ ‘ಡು’ವಿನಲ್ಲೇ ಮುಗಿಯುತ್ತೆ. ಅಂಥವನ್ನ ಮೂಲೆಗೆ ಇಟ್ಟುಕೊಳ್ಳಿ. ಇಡೀ ಚೌಕ ತುಂಬಿಸೋ ಹಟ ಬೇಡ. ಏಳೆಂಟು ಪದ ಒಂದಕ್ಕೊಂದು ತಗಲಿಕೊಂಡಿದ್ರೆ ಮಕ್ಕಳಿಗೆ ಧಾರಾಳ.

ಬೇಲೂರ್ ಮೇಷ್ಟ್ರು

ಎಚ್ಚೆಂ ಸಾರ್ ಹೇಳಿದ ಹಾಗೆ ಸಡಿಲವಾಗಿ ಕಟ್ಟಿದ ಒಂದು ಪುಟ್ಟದು ಇಲ್ಲಿದೆ. ಆರನೇ ಕ್ಲಾಸಿಗೆ ಮಾಡಿದ್ದು. ಗಣಿತದ ಚೌಕದ ನೋಟ್‌ಬುಕ್ ಹಾಳೆ ಸಾಕು, ಪ್ರಿಂಟ್ ಬೇಡ.

1, ಎಡದಿಂದ ಬಲಕ್ಕೆ: ಧಾನ್ಯ ತುಂಬಿಡೋ ಜಾಗ (3)
2, ಮೇಲಿಂದ ಕೆಳಕ್ಕೆ, ಒಂದರ ಕೊನೇ ಅಕ್ಷರದಿಂದ: ಮನೆ ಮುಂದೆ ಅಜ್ಜ ಕೂತು ಎಲೆಅಡಿಕೆ ಹಾಕೋದು ಇದರ ಮೇಲೆ (3)
3, ಎಡದಿಂದ ಬಲಕ್ಕೆ, ಎರಡರ ಕೊನೇ ಅಕ್ಷರ ಇದರ ಎರಡನೇ ಅಕ್ಷರ: ಬೆಳಕು ಹರಿಯುವಾಗ ಮರದ ಮೇಲಿಂದ ಕೇಳೋದು (4)
4, ಮೇಲಿಂದ ಕೆಳಕ್ಕೆ, ಮೂರರ ಕೊನೇ ಅಕ್ಷರದಿಂದ: ಹಲ್ಮಿಡಿ ಕಲ್ಲಿನ ಮೇಲೆ ಇರೋದು ಹಳೇದು, ನಮ್ಮ ಪುಸ್ತಕದಲ್ಲಿ ಇರೋದು ಈಗಿನದು (2)

ಹಲ್ಮಿಡಿ ನಮ್ಮ ತಾಲ್ಲೂಕಿನದೇ ಊರು. ಸುಮಾರು ಕ್ರಿ.ಶ. 450ರ ಶಾಸನ, ಕನ್ನಡದಲ್ಲಿ ಸಿಕ್ಕಿರೋ ಹಳೇ ಪೂರ್ಣ ಶಾಸನ ಅಂತ ಪಾಠದಲ್ಲಿ ಬರುತ್ತೆ. ಮೂಲ ಕಲ್ಲನ್ನ ಊರಿಂದ ಬೇರೆ ಕಡೆಗೆ ಸಾಗಿಸಿದಾರೆ, ಊರಲ್ಲಿ ಅದರ ಪ್ರತಿ ಇದೆ. ನಮ್ಮ ಮಕ್ಕಳಲ್ಲಿ ಅರ್ಧ ಜನ ಅದರ ಪಕ್ಕದಲ್ಲೇ ನೆಂಟರ ಮನೆಗೆ ಹೋಗಿ ಬಂದಿರ್ತಾರೆ, ನೋಡಿರಲ್ಲ. ಸುಳಿವಿನಲ್ಲಿ ಹೆಸರು ಹಾಕಿದ್ದು ಅದಕ್ಕೇ.

ಮೂಡಿಗೆರೆ ತೋಟದ ಮನೆ

ಮಗನ ಕೈಲಿ ಮಾಡಿಸ್ದೆ. ಒಂದನೇದಕ್ಕೆ ‘ಪಣತ’ ಅಂತ ಬರೆದ. ನಮ್ಮ ಕಡೆ ಭತ್ತ ತುಂಬೋದು ಪಣತದಲ್ಲೇ. ಅದಕ್ಕೂ ಮೂರೇ ಅಕ್ಷರ! ಎರಡನೇದರಲ್ಲಿ ‘ತ’ದಿಂದ ಏನೂ ಸಿಗದೆ ತಲೆ ಕೆರ್ಕೊಂಡು ವಾಪಸ್ ಬಂದು ‘ಕಣಜ’ ಮಾಡಿದ. ‘ಕಣಜ ಅಂದ್ರೆ ಕಚ್ಚೋ ಹುಳ ಅಲ್ವಾ ಅಮ್ಮ, ಅದು ಮನೆಯೊಳಗೆ ಯಾಕೆ’ ಅಂತ ಜಗಳ. ಅವನಿಗೆ ಗೊತ್ತಿದ್ದ ಕಣಜ ತೋಟದಲ್ಲಿ ಕಚ್ಚಿದ್ದು ಮಾತ್ರ.

ಬೇಲೂರ್ ಮೇಷ್ಟ್ರು

ಬೈಹಾರ್ಟ್ ಪಟ್ಟಿಯಲ್ಲಿ ಇಂಥ ಜಗಳ ಎಲ್ಲಿ ಬರುತ್ತೆ ಹೇಳಿ. ಕಣಜಕ್ಕೆ ಎರಡು ಅರ್ಥ, ಪಣತಕ್ಕೂ ಕಣಜಕ್ಕೂ ಒಂದೇ ಅರ್ಥ, ಎರಡೂ ಹತ್ತು ನಿಮಿಷದಲ್ಲಿ ಆಯ್ತು. ಯಾರೂ ಪಾಠ ಮಾಡಲಿಲ್ಲ.

ಅರಸೀಕೆರೆ ವಿಜ್ಞಾನ ಟೀಚರ್

ನೀವೆಲ್ಲ ಅಕ್ಕರೆ, ಜಗಲಿ ಅಂತ ಆರಾಮಾಗಿದೀರಿ. ನನ್ನ ಕ್ಲಾಸಿಗೆ ಬನ್ನಿ. ದ್ಯುತಿಸಂಶ್ಲೇಷಣೆ, ಪತ್ರಹರಿತ್ತು, ಬಾಷ್ಪವಿಸರ್ಜನೆ, ಪರಾಗಸ್ಪರ್ಶ. ಕನ್ನಡ ಮಾಧ್ಯಮದ ಮಗುವಿಗೆ ಇವು ಇಂಗ್ಲಿಷಿಗಿಂತ ಹತ್ತಿರ ಏನಲ್ಲ.

ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್ಯೂನ್ ಅನ್ನೋ ಶಿಕ್ಷಣತಜ್ಞರು ಪದಗಳನ್ನ ಮೂರು ಅಂತಸ್ತು ಮಾಡಿದಾರೆ. ದಿನಬಳಕೆಯವು ಮೊದಲನೆಯದು. ಯಾವ ವಿಷಯದ ಪುಸ್ತಕದಲ್ಲಾದರೂ ಎದುರಾಗೋ, ಬರವಣಿಗೆಯಲ್ಲಿ ಹೆಚ್ಚು ಬರೋ ಪದಗಳು ಎರಡನೆಯದು. ಒಂದೊಂದು ವಿಷಯಕ್ಕೆ ಮಾತ್ರ ಸೇರಿದವು ಮೂರನೆಯದು. ಅವರ ಪ್ರಕಾರ ಮೇಷ್ಟ್ರು ಹೆಚ್ಚು ಬೆವರು ಸುರಿಸಬೇಕಾಗಿರೋದು ಎರಡನೇ ಅಂತಸ್ತಿಗೆ. ಕನ್ನಡದಲ್ಲಿ ‘ಪರಿಣಾಮ’, ‘ಕಾರಣ’, ‘ಹೋಲಿಕೆ’, ‘ಅನಿವಾರ್ಯ’, ‘ಕ್ರಮೇಣ’ ಅಂಥವು ಅಂತ ಇಟ್ಕೊಳ್ಳಿ. ಹುಡುಗರು ವಿಜ್ಞಾನದ ಪ್ರಶ್ನೆಯಲ್ಲಿ ಸೋಲೋದು ಎಷ್ಟೋ ಸಲ ಪತ್ರಹರಿತ್ತಿನಿಂದಲ್ಲ, ‘ಕ್ರಮೇಣ’ದಿಂದ! ನಾವೆಲ್ಲ ಪದಬಂಧಕ್ಕೆ ಕಷ್ಟದ ಪದವನ್ನೇ ಆರಿಸ್ತೀವಿ, ಇವು ಸುಲಭ ಅಂತ ಬಿಟ್ಟುಬಿಡ್ತೀವಿ.

ಮೂರನೇ ಅಂತಸ್ತಿಗೆ ಪದಬಂಧಕ್ಕಿಂತ ಪದ ಒಡೆಯೋ ಆಟ ನನಗೆ ಚೆನ್ನಾಗಿ ಕೆಲಸ ಮಾಡಿದೆ. ಹಳೇ ಮದುವೆ ಕಾರ್ಡಿನ ಹಿಂದೆ ‘ದ್ಯುತಿ’, ‘ಸಂಶ್ಲೇಷಣೆ’, ‘ಪತ್ರ’, ‘ಹರಿತ್ತು’, ‘ಬಾಷ್ಪ’, ‘ವಿಸರ್ಜನೆ’, ‘ಪರಾಗ’, ‘ಸ್ಪರ್ಶ’ ಬೇರೆ ಬೇರೆ ಬರೆದು ಕಲಸಿ ಕೊಡ್ತೀನಿ. ಬೆಳಕು, ಒಂದುಗೂಡಿಸೋದು, ಎಲೆ, ಹಸಿರು ಅಂತ ಅರ್ಥದ ಚೀಟಿ ಬೇರೆ. ಜೋಡಿ ಮಾಡಿದ ಮೇಲೆ ‘ಗಣೇಶನ ವಿಸರ್ಜನೆ’ ಯಾರೋ ಒಬ್ಬ ಹೇಳೇ ಹೇಳ್ತಾನೆ. ಎಲೆಯಿಂದ ಆವಿ ಹೊರಗೆ ಕಳಿಸೋದು ಅಂತ ಅವನಿಗೆ ಅಲ್ಲೇ ಹೊಳೆಯುತ್ತೆ.

ಮೂಡಿಗೆರೆ ಅಕ್ಕ, ಪರಾಗಸ್ಪರ್ಶಕ್ಕೆ ಸುಳಿವು ನಿಮ್ಮ ತೋಟದ್ದೇ: ‘ರೊಬಸ್ಟಾ ಗಿಡಕ್ಕೆ ಇನ್ನೊಂದು ಗಿಡದಿಂದ ಆಗಲೇಬೇಕು, ಅರೇಬಿಕಾ ತನ್ನಷ್ಟಕ್ಕೆ ಮಾಡ್ಕೊಳ್ಳುತ್ತೆ (5)’. ಚಿಕ್ಕಮಗಳೂರು ಕಡೆ ಮಕ್ಕಳಿಗೆ ಓಕೆ, ನಮ್ಮ ತೆಂಗಿನ ಸೀಮೆಯವರಿಗೆ ಬೇರೆ ಹುಡುಕಬೇಕು.

ಕಡೂರ್ ಇಂಗ್ಲಿಷ್ ಮಿಸ್

ಇಂಗ್ಲಿಷಿನಲ್ಲಿ ಪದಬಂಧದ ಲಾಭವೇ ಬೇರೆ. ಅಲ್ಲಿ ಮಕ್ಕಳಿಗೆ ಸ್ಪೆಲಿಂಗೇ ಶತ್ರು. ‘ಬ್ಯೂಟಿಫುಲ್’ ಬಾಯಲ್ಲಿ ಹೇಳಿದ್ರೆ ಮುಗೀತು, ಬರೆಯೋಕೆ ಒಂಬತ್ತು ಮನೆ ತುಂಬಿಸಬೇಕು. ಮನೆ ಉಳಿದ್ರೆ ಎಲ್ಲೋ ಒಂದು ಅಕ್ಷರ ಬಿಟ್ಟಿದೀನಿ ಅಂತ ಅವರೇ ಹುಡುಕ್ತಾರೆ, ನಾನು ಕೆಂಪು ಪೆನ್ನು ತೆಗೆಯೋದೇ ಬೇಡ. ಕನ್ನಡ ಉಚ್ಚರಿಸಿದ ಹಾಗೆ ಬರೆಯೋ ಭಾಷೆ, ಆ ಲಾಭ ಅಲ್ಲಿಲ್ಲ ಅಂದ್ಕೊಂಡಿದ್ದೆ. ನಮ್ಮ ಕನ್ನಡ ಮಿಸ್ ನಕ್ಕರು. ‘ನಿಮ್ಮ ಹುಡುಗರು ಹಕಾರ ಎಲ್ಲಿಟ್ಟಿದಾರೆ ಕೇಳಿ’ ಅಂತ. ನಿಜ, ಹಣ್ಣು ‘ಅಣ್ಣು’, ಹಾಸನ ‘ಆಸನ’. ಅಡ್ಡದ ಪದ ‘ಹಾ’ದಿಂದ ಶುರುವಾಗಬೇಕು, ಕೆಳಗೆ ಇಳಿಯೋ ಪದಕ್ಕೂ ‘ಹಾ’ ಬೇಕು. ಹುಡುಗ ‘ಆ’ ಹಾಕಿ ಕೂತಿರ್ತಾನೆ, ಯಾವುದೂ ಹೊಂದಲ್ಲ. ಸ, ಶ, ಷಕ್ಕೂ ಹಾಗೇ. ಲ, ಳಕ್ಕೂ.

ಸಕಲೇಶಪುರದ ಅಪ್ಪ ಅವರೇ, ನಿಮ್ಮ ಹುಡುಗ ಪಕ್ಕದವರದ್ದು ನೋಡಿ ಬರ್ಕೋತಾನಾ?

ಸಕಲೇಶಪುರದ ಅಪ್ಪ

ಬರ್ಕೊಳ್ದೆ? ಮೊದಲು ಮುಗಿಸಿದೋರಿಗೆ ಚಾಕೊಲೇಟ್ ಅಂತ ಹೇಳಿದ್ರೆ ಅವನೇನು, ನಾನೂ ನೋಡಿ ಬರ್ಕೋತಿದ್ದೆ. ಯಾವಾಗಲೂ ಅದೇ ನಾಲ್ಕು ಮಕ್ಕಳು ಗೆಲ್ತಾರೆ. ಉಳಿದವರಿಗೆ ‘ನನಗೆ ಬರಲ್ಲ’ ಅನ್ನೋದು ಇನ್ನೊಂದು ಸಲ ಗಟ್ಟಿಯಾಗುತ್ತೆ, ಅಷ್ಟೇ.

ಕಡೂರ್ ಇಂಗ್ಲಿಷ್ ಮಿಸ್

ಅದಕ್ಕೆ ಮದ್ದು ಅರ್ಧ ಪದಬಂಧ. ಒಂದೇ ಪದಬಂಧದ ಎರಡು ಹಾಳೆ. ಒಬ್ಬನ ಹಾಳೆಯಲ್ಲಿ ಅಡ್ಡ ಪದಗಳು ತುಂಬಿರ್ತವೆ, ಕೆಳಕ್ಕೆ ಹೋಗೋವು ಖಾಲಿ. ಇನ್ನೊಬ್ಬನದು ಇದಕ್ಕೆ ತಿರುಗಾಮುರುಗಾ. ಬರೆದ ಸುಳಿವೇ ಇರಲ್ಲ. ಇವನು ತನ್ನ ಹತ್ರ ಇರೋ ಪದವನ್ನ ಹೆಸರು ಹೇಳದೆ ಬಾಯಲ್ಲಿ ವಿವರಿಸಬೇಕು, ಅವನು ಕೇಳಿ ತುಂಬಬೇಕು. ನೋಡಿ ಬರೆಯೋದು ಮುಗಿದೇ ಹೋಯ್ತು, ಯಾಕಂದ್ರೆ ಇಬ್ಬರ ಹಾಳೆಯೂ ಬೇರೆ. ಮೊದಲು ಮುಗಿಸೋದಕ್ಕೂ ಅರ್ಥ ಇಲ್ಲ, ಜೊತೆಗಾರ ಹೇಳದೆ ಮುಗಿಯಲ್ಲ. ಕ್ಲಾಸ್ ಗಲಾಟೆ ಆಗುತ್ತೆ, ಎಚ್ಚೆಂ ಬಾಗಿಲಿಗೆ ಬಂದು ಇಣುಕ್ತಾರೆ. ಇಣುಕಲಿ. ಚಾಕೊಲೇಟ್ ಮಾತ್ರ ನಿಲ್ಲಿಸಿ.

ಬಾಳೆಹೊನ್ನೂರು ಅತಿಥಿ ಶಿಕ್ಷಕಿ

ಬಹಳ ದಿನದಿಂದ ಇಲ್ಲಿ ಸುಮ್ನೆ ಓದ್ತಿದ್ದೆ, ಬರೆದಿರಲಿಲ್ಲ. ನಮ್ಮ ಶಾಲೆ ಸುತ್ತ ಬರೀ ಎಸ್ಟೇಟು. ನನ್ನ ಆರನೇ ಕ್ಲಾಸಲ್ಲಿ ಮನೇಲಿ ಕನ್ನಡ ಮಾತಾಡೋ ಮಕ್ಕಳೇ ಕಮ್ಮಿ. ತುಳು, ತಮಿಳು, ಉರ್ದು, ಕೊಂಕಣಿ. ಈಚೆಗೆ ಕೊಯ್ಲಿನ ಕೆಲಸಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಲೈನ್ ಮನೆಗಳಲ್ಲಿ ಇರೋರ ಮಕ್ಕಳು. ಕೊಯ್ಲು ಮುಗಿದ್ರೆ ಕೆಲವರು ಹೋಗೇಬಿಡ್ತಾರೆ, ಕೆಲವರು ಉಳೀತಾರೆ. ಇಲ್ಲಿ ‘ಧಾನ್ಯ ತುಂಬಿಡೋ ಜಾಗ’ ಅಂತ ಸುಳಿವು ಕೊಟ್ರೆ ಸುಳಿವೇ ಅವರಿಗೆ ಒಗಟು. ಪದಬಂಧ ಕನ್ನಡ ಬರೋರಿಗೆ ಕನ್ನಡ ಜಾಸ್ತಿ ಮಾಡುತ್ತೆ, ಬಾರದವರನ್ನ ಬೆಂಚಿನ ತುದಿಗೆ ತಳ್ಳುತ್ತೆ. ಇದನ್ನ ನಾನು ಕಣ್ಣಾರೆ ನೋಡ್ತಿದೀನಿ.

ಹಾಗಾಗಿ ನಾನು ಮೂರು ಬದಲಾವಣೆ ಮಾಡ್ಕೊಂಡಿದೀನಿ. ಸುಳಿವು ಬರವಣಿಗೆಯಲ್ಲಿ ಇರಲ್ಲ, ಚಿತ್ರ ಅಥವಾ ವಸ್ತುವೇ ಇರುತ್ತೆ. ಮೇಜಿನ ಮೇಲೆ ಕತ್ತಿ, ಮೊರ, ಬುಟ್ಟಿ, ಹಗ್ಗ ಇಡ್ತೀನಿ. ಮೊದಲ ಅಕ್ಷರ ನಾನೇ ತುಂಬಿಕೊಡ್ತೀನಿ. ಮತ್ತೆ ಪದ ತುಂಬಿದ ಮೇಲೆ ಪಕ್ಕದಲ್ಲಿ ಅವರ ಮನೆ ಮಾತಲ್ಲಿ ಅದಕ್ಕೆ ಏನಂತಾರೆ ಅಂತ ಕನ್ನಡ ಅಕ್ಷರದಲ್ಲೇ ಬರೀಬೇಕು. ಆ ಅಂಕಣ ತುಂಬಿಸೋವಾಗ ಕ್ಲಾಸಿನ ಜಾಣರು ಅಸ್ಸಾಂ ಹುಡುಗಿಯ ಹತ್ರ ಬಂದು ಕೇಳಬೇಕು! ಅವತ್ತು ಅವಳ ಮುಖ ನೋಡಬೇಕಿತ್ತು ನೀವು.

ಅಕ್ಷರ ಸರಪಳಿನೂ ಆಡಿಸ್ತೀನಿ. ಒಬ್ಬರು ಹೇಳಿದ ಪದದ ಕೊನೇ ಅಕ್ಷರದಿಂದ ಮುಂದಿನವರು ಹೇಳೋದು. ಕನ್ನಡದಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು. ‘ಹೂವು’ ಅಂದ್ರೆ ‘ವು’ದಿಂದ ಪದ ಎಲ್ಲಿಂದ ತರೋದು? ಗುಣಿತ ಬಿಟ್ಟು ವ್ಯಂಜನ ಮಾತ್ರ ತಗೋತೀವಿ: ಹೂವು, ವಸಂತ, ತಟ್ಟೆ, ಟಗರು, ರವಿಕೆ, ಕಡಲೆ, ಹೀಗೆ ಹೋಗುತ್ತೆ. ಣ, ಳ ಬಂದ್ರೆ ನ, ಲ ಮಾಡ್ಕೋಬಹುದು, ಆ ಅಕ್ಷರದಿಂದ ಶುರುವಾಗೋ ಪದವೇ ನಮ್ಮಲ್ಲಿಲ್ಲವಲ್ಲ.

ನಾನು ಅತಿಥಿ ಶಿಕ್ಷಕಿ, ಮುಂದಿನ ವರ್ಷ ಇದೇ ಶಾಲೆಯಲ್ಲಿ ಇರ್ತೀನೋ ಇಲ್ವೋ. ಯಾರಾದ್ರೂ ಇದನ್ನ ಮುಂದುವರಿಸಿದ್ರೆ ಸಂತೋಷ.

ಮೂಡಿಗೆರೆ ತೋಟದ ಮನೆ

ಟೀಚರ್, ನಮ್ಮ ತೋಟದ ಲೈನಿನಲ್ಲೂ ಅಂಥ ಮಕ್ಕಳಿದಾರೆ. ನಿಮ್ಮ ಈ ವಸ್ತು ಇಡೋ ಉಪಾಯ ನಾನೇ ಭಾನುವಾರ ಕಣದಲ್ಲಿ ಮಾಡಿಸ್ತೀನಿ. ಕತ್ತಿ ಒಂದು ಬೇಡ ಅಷ್ಟೇ.

ಬೇಲೂರ್ ಮೇಷ್ಟ್ರು

ಬಾಳೆಹೊನ್ನೂರು ಮೇಡಂ ಬರೆದಿದ್ದು ಓದಿ, ಸುಳಿವು ಯಾರ ಭಾಷೆಯಲ್ಲಿ ಇರಬೇಕು ಅನ್ನೋದೇ ಮುಖ್ಯ ಅನ್ನಿಸ್ತು. ಮಕ್ಕಳೇ ಸುಳಿವು ಬರೆಯೋದರ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ.

ನಾನು ಮಾಡೋದು ಹೀಗೆ. ಪಾಠ ಮುಗಿದ ಮೇಲೆ ಗುಂಪಿಗೆ ನಾಲ್ಕು ಪದ ಹಂಚ್ತೀನಿ. ಪುಸ್ತಕದ ಕೊನೆಯ ಅರ್ಥವನ್ನ ಸುಳಿವಾಗಿ ಬರೆಯೋ ಹಾಗಿಲ್ಲ. ಇದೊಂದೇ ನಿಯಮ. ಏಳನೇ ಕ್ಲಾಸಿನವರು ಬರೆದದ್ದು ನೋಡಿ:

ಸಂಕೋಚ (3): ‘ನೆಂಟರ ಮನೇಲಿ ಇನ್ನೊಂದು ಹೋಳಿಗೆ ಬೇಕು ಅಂತ ಕೇಳಕ್ಕೆ ಬಿಡದೇ ಇರೋದು.’
ಹೊಣೆ (2): ‘ಕ್ಲಾಸ್ ಲೀಡರ್ ತಲೆ ಮೇಲೆ ಇರುತ್ತೆ, ಕಣ್ಣಿಗೆ ಕಾಣಲ್ಲ.’
ಉದಾರಿ (3): ‘ಮೂರು ಚಾಕೊಲೇಟ್ ಇದ್ರೆ ಎರಡು ಕೊಡೋನು. ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ.’
ತಾಳ್ಮೆ (2): ‘ನಮ್ಮೂರಿನ ಬಸ್ಸಿಗೆ ಕಾಯೋರಿಗೆ ಬೇಕು.’

ಸಂಕೋಚಕ್ಕೆ ಆ ಸುಳಿವು ಬರೆದ ಹುಡುಗಿಗೆ ಅದರ ಅರ್ಥ ಬರುತ್ತಾ ಅಂತ ಯಾವ ಪರೀಕ್ಷೆಯೂ ಬೇಡ. ಕೆಟ್ಟ ಸುಳಿವೂ ಬರುತ್ತೆ. ತಾಳ್ಮೆಗೆ ಇನ್ನೊಂದು ಗುಂಪು ‘ಕೋಪ ಇಲ್ಲದ್ದು’ ಅಂತ ಬರೆದಿತ್ತು. ‘ಶಾಂತಿ’ನೂ ಆಗಬಹುದಲ್ಲ, ಎರಡೇ ಅಕ್ಷರ ಅಂತ ಬೇರೆ ಗುಂಪಿನವರು ಎದ್ದು ನಿಂತ್ರು. ಶಾಂತಿಗೂ ತಾಳ್ಮೆಗೂ ಏನು ಅಂತರ ಅಂತ ಅರ್ಧ ಪೀರಿಯಡ್ ವಾದ ಮಾಡಿದ್ರು. ನಾನು ಬೋರ್ಡಿಗೆ ಬೆನ್ನು ಒರಗಿಸಿಕೊಂಡು ಕೇಳ್ತಾ ನಿಂತಿದ್ದೆ.

ಬೇಲೂರು ದೇವಸ್ಥಾನಕ್ಕೆ ಕರ್ಕೊಂಡು ಹೋದಾಗಲೂ ಕೈಗೆ ಹಾಳೆ ಕೊಟ್ಟೆ. 1117, ವಿಷ್ಣುವರ್ಧನ ಅಂತ ಗೈಡ್ ಹೇಳೋದು ಅವರಿಗೆ ಬಾಯಿಪಾಠ. ಜಗತಿ (ಗುಡಿ ನಿಂತಿರೋ ಕಟ್ಟೆ), ನವರಂಗ (ಒಳಗಿನ ಮಂಟಪ), ಮದನಿಕೆ (ಕಂಬದ ಮೇಲಿನ ಹೆಣ್ಣಿನ ಶಿಲ್ಪ), ಭುವನೇಶ್ವರಿ (ಕೆತ್ತನೆಯ ಚಾವಣಿ) ಅಂದ್ರೆ ಗೊತ್ತಿಲ್ಲ. ಎಲ್ಲ ಸುಳಿವೂ ಅಲ್ಲಿ ನಿಂತು ನೋಡಿದ್ರೆ ಮಾತ್ರ ಸಿಗೋ ಥರ ಇಟ್ಟಿದ್ದೆ. ‘ಗುಡಿಯ ಸುತ್ತ ನೀನು ನಡೀತಿರೋದು ಇದರ ಮೇಲೆ (3)’ ಅಂದ್ರೆ ಎಲ್ಲರೂ ‘ಜಗಲಿ’ ಅಂತ ಬರೆದ್ರು, ಕೊನೇ ಮನೆಯಲ್ಲಿ ‘ತಿ’ ಬೇಕು ಅಂತ ಅಡ್ಡದ ಪದ ಹಟ ಹಿಡೀತು. ‘ಭುವನೇಶ್ವರಿ’ಗಂತೂ ಎಲ್ಲರೂ ಕತ್ತು ಮೇಲೆತ್ತಿ ನಿಂತ್ರು, ಹಿಂದೆ ಬರ್ತಿದ್ದ ಟೂರಿಸ್ಟುಗಳೂ ಏನಿದೆ ಅಂತ ಮೇಲೆ ನೋಡೋಕೆ ಶುರು ಮಾಡಿದ್ರು.

ಚನ್ನರಾಯಪಟ್ಟಣ ನಿವೃತ್ತ ಎಚ್ಚೆಂ

ಸುಳಿವು ಬರೆಸೋದರ ಜೊತೆ ನಿಘಂಟು ನೋಡಿಸಿ. ಏಳನೇ ಕ್ಲಾಸಿನ ಮಗುವಿಗೆ ನಿಘಂಟು ಕೊಟ್ಟು ‘ಕ್ಷಮೆ’ ಹುಡುಕು ಅಂದ್ರೆ ಕೊನೇ ಪುಟಕ್ಕೆ ಹೋಗುತ್ತೆ, ವರ್ಣಮಾಲೆ ಚಾರ್ಟಿನಲ್ಲಿ ಕ್ಷ ಕೊನೆಗೆ ಇದ್ದಿದ್ದು ನೋಡಿ. ಅದು ‘ಕ’ದಲ್ಲೇ ಇರುತ್ತೆ ಅಂತ ತೋರಿಸಬೇಕು. ಕಿಟೆಲ್ ಸಾಹೇಬರು 1894ರಲ್ಲೇ ನಿಘಂಟು ಮಾಡಿಟ್ಟು ಹೋದ್ರು, ಸಾಹಿತ್ಯ ಪರಿಷತ್ತಿನದು ಎಂಟು ಸಂಪುಟ ಇದೆ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ರೆ ಏನು ಬಂತು? ಮೊಬೈಲಲ್ಲಿ ‘ಅಲರ್’ ಇದೆ, ಬಿಟ್ಟಿ. ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ, ಮಕ್ಕಳಿಗಿಂತ ಮೇಷ್ಟ್ರಿಗೆ ಹೆಚ್ಚು ಉಪಯೋಗ.

ಇನ್ನೊಂದು. ಒಂದು ಸಲ ತುಂಬಿದ ಪದವನ್ನ ಅಲ್ಲಿಗೇ ಬಿಡಬೇಡಿ. ಮೂರು ವಾರ ಬಿಟ್ಟು ಬೇರೆ ಸುಳಿವು ಕೊಟ್ಟು ಅದೇ ಪದ ಮತ್ತೆ ತನ್ನಿ. ನಾನು ಹೆಡ್ಮಾಸ್ಟರ್ ಆಗಿದ್ದಾಗ ಪ್ರಾರ್ಥನೆ ಹೊತ್ತಿಗೆ ದಿನಕ್ಕೊಂದು ಪದ ಅಂತ ಬೋರ್ಡಿನಲ್ಲಿ ಬರೆಸ್ತಿದ್ದರು, ಈಗಲೂ ಎಷ್ಟೋ ಕಡೆ ಬರೀತಾರೆ. ಮಾರನೇ ದಿನ ಒರೆಸಿ ಹೊಸದು. ಹಳೇದನ್ನ ಯಾರೂ ಕೇಳಲ್ಲ.

ಸಕಲೇಶಪುರದ ಅಪ್ಪ

‘ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ’ ಓದಿ ನಕ್ಕೆ. ಸರಿ, ಸುಳಿವು ಬರೆಯೋದು ನನಗೂ ಹಿಡಿಸ್ತು. ಆದ್ರೆ ಪರೀಕ್ಷೆಯಲ್ಲಿ ಇದನ್ನ ಕೇಳಲ್ಲವಲ್ಲ? ಅಲ್ಲಿ ‘ಅರ್ಥ ಬರೆಯಿರಿ’ ಅಂತಲೇ ಬರುತ್ತೆ. ಹುಡುಗ ಹೋಳಿಗೆ ಕಥೆ ಬರೆದ್ರೆ ಮೌಲ್ಯಮಾಪನ ಮಾಡೋರು ಅಂಕ ಕೊಡ್ತಾರಾ?

ಅರಸೀಕೆರೆ ವಿಜ್ಞಾನ ಟೀಚರ್

ಕೊಡೋರು ಕೊಡ್ತಾರೆ, ಕೊಡದೇ ಇರೋರೂ ಇದಾರೆ. ಅರ್ಥ ಗೊತ್ತಿರೋ ಮಗು ‘ನಾಚಿಕೆ, ಹಿಂಜರಿಕೆ’ ಅಂತ ಬರೆಯೋದು ಕಷ್ಟ ಏನಲ್ಲ. ಉಲ್ಟಾ ಮಾತ್ರ ಆಗಲ್ಲ.

ಹಾಸನದ ಫಾಂಟ್ ಹುಚ್ಚ

ಎಲ್ಲರಿಗೂ ಒಂದು ಖಾಲಿ ಹಾಳೆ ಮಾಡ್ತಿದೀನಿ. ಎ4ರಲ್ಲಿ ಏಳು ಅಡ್ಡ, ಏಳು ಉದ್ದ, ಕೆಳಗೆ ಸುಳಿವಿಗೆ ಗೆರೆ, ಪಕ್ಕದಲ್ಲಿ ಬಾಳೆಹೊನ್ನೂರು ಮೇಡಂ ಹೇಳಿದ ‘ನಮ್ಮ ಮನೆ ಮಾತಲ್ಲಿ’ ಅಂಕಣ. ಮನೆ ದೊಡ್ಡದಾಗಿಯೇ ಇಟ್ಟಿದೀನಿ, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಕಡೂರು ಮಿಸ್ ಹೇಳಿದ ಅರ್ಧ ಪದಬಂಧಕ್ಕೆ ಎರಡು ಹಾಳೆ ಬೇರೆ. ಮೂಡಿಗೆರೆ ಅಕ್ಕ, ನಿಮ್ಮ ತೋಟದ ಪದಗಳನ್ನ ಕಳಿಸಿ, ಮಾದರಿಗೆ ಅದನ್ನೇ ತುಂಬ್ತೀನಿ. ಪಿಡಿಎಫ್ ಮಾಡಿ ಹಾಕ್ಲಾ?

ಮೂಡಿಗೆರೆ ತೋಟದ ಮನೆ

ಮರಗಸಿ ನಾಲ್ಕು, ಹೂಮಳೆ ಮೂರು, ಪಣತ ಮೂರು, ಕಣ ಎರಡು. ಸುಳಿವು ನನ್ನ ಮಗಳೇ ಬರೀತಾಳಂತೆ, ನೀವು ಬರೀಬೇಡಿ.

ಬಾಳೆಹೊನ್ನೂರು ಅತಿಥಿ ಶಿಕ್ಷಕಿ

ಪಿಡಿಎಫ್ ಬೇಡ ಸರ್, ತಿದ್ದೋಕೆ ಆಗಲ್ಲ. ವರ್ಡ್ ಫೈಲೇ ಹಾಕಿ. ನಮ್ಮ ಶಾಲೆ ಪ್ರಿಂಟರ್ ಕೆಟ್ಟಿದೆ, ಪೇಟೆಯಲ್ಲಿ ಜೆರಾಕ್ಸ್ ಮಾಡಿಸೋದು, ಕಪ್ಪು ಮನೆ ಜಾಸ್ತಿ ಇರದ ಹಾಗೆ ನೋಡ್ಕೊಳ್ಳಿ.